ತಾರೀಖು ಬರೆಯದ ಕ್ಯಾಸೆಟ್ಟು

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಟ್ರಂಕಿನಲ್ಲಿ ಕಾಕಾನ ಕ್ಯಾಸೆಟ್ಟುಗಳು ಸಿಕ್ಕವು. ಒಟ್ಟು ಹನ್ನೊಂದು. ಹತ್ತಕ್ಕೆ ಹೆಸರೇ ಇಲ್ಲ. ಒಂದರ ಮೇಲೆ ಮಾತ್ರ ನೀಲಿ ಶಾಯಿಯಲ್ಲಿ ಹೀಗೆ ಬರೆದಿದೆ: "ಭಜನಿ. ತಿಂಥಣಿ ಜಾತ್ರಿ. ತಾ. ಸುರಪುರ, ಜಿ. ಗುಲ್ಬರ್ಗಾ." ಅಷ್ಟೇ. ಇಸವಿ ಇಲ್ಲ, ತಿಂಗಳಿಲ್ಲ, ಹಾಡಿದವರು ಯಾರು ಅಂತಲೂ ಇಲ್ಲ. (ಯಾದಗಿರಿ ಬೇರೆ ಜಿಲ್ಲೆಯಾಗಿದ್ದು 2009ರ ಕೊನೆಗೆ, ಗುಲ್ಬರ್ಗಾ ಕಲಬುರಗಿಯಾಗಿದ್ದು 2014ರಲ್ಲಿ. ಅದಕ್ಕಿಂತ ಹಳೇದು ಅನ್ನೋದಂತೂ ಖಾತ್ರಿ :-) )

ಶಹಾಪುರದಲ್ಲಿ ರಿಪೇರಿ ಮಾಡುವ ಒಬ್ಬರ ಹತ್ತಿರ ಓಡುವ ಸ್ಥಿತಿಯ ಟೇಪ್ ರೆಕಾರ್ಡರ್ ಸಿಕ್ಕಿತು. ಮನೆಗೆ ತಂದು ಹಾಕಿದೆ. ಮೊದಲು ಬರೀ ಸುಯ್ಯೆನ್ನುವ ಸದ್ದು. ಆಮೇಲೆ ಏಕತಾರಿ, ತಾಳ, ಪೇಟಿ, ತಬಲಾ. ಅದರ ಮೇಲೆ ಕಾಕಾನ ದನಿ. ಕಾಕಾ ತೀರಿಕೊಂಡು ಹನ್ನೆರಡು ವರ್ಷವಾಯ್ತು. ಪಡಸಾಲೆಯಲ್ಲಿ ಕೂತಿದ್ದ ಅವ್ವ ಎದ್ದು ಒಳಗೆ ಹೋದಳು.

ಇವತ್ತು ಬರೆಯಬೇಕೆಂದಿರುವುದು ಈ ಕ್ಯಾಸೆಟ್ಟಿನ ಬಗ್ಗೆ. ಆದರೆ ಅದಕ್ಕೆ ಅಮೆರಿಕದ ಒಂದು ರಾಕ್ ತಂಡದ ಕಥೆಯನ್ನೂ ಹೇಳಬೇಕು. ಸ್ವಲ್ಪ ತಾಳ್ಮೆ ಇರಲಿ, ಎರಡಕ್ಕೂ ಸಂಬಂಧವಿದೆ.

ಕ್ಯಾಸೆಟ್ಟಿನಲ್ಲಿರುವುದು ಒಂದು ತತ್ವಪದ. ನಮ್ಮ ಕಡೆ ತತ್ವಪದ ಅಂದರೆ ಮೊದಲು ನೆನಪಾಗುವ ಹೆಸರು ಕಡಕೋಳ ಮಡಿವಾಳಪ್ಪನವರದು. ಶಹಾಪುರದ ಗಡಿ ದಾಟಿದರೆ ಸಿಗುವ ಜೇವರ್ಗಿ ಸೀಮೆಯ ಊರು ಕಡಕೋಳ. ಸುಮಾರು ಇನ್ನೂರು ವರ್ಷದ ಹಿಂದೆ ಅಲ್ಲಿ ಅವರು ಕಟ್ಟಿದ ಪದಗಳನ್ನು ಶಿಷ್ಯರು ಊರೂರಿಗೆ ಒಯ್ದರು. ಆ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಬರಿದ್ದರು, ಖೈನೂರಿನ ಕೃಷ್ಣಪ್ಪನವರಿದ್ದರು, ತೆಲಗಬಾಳದ ರೇವಪ್ಪನವರಿದ್ದರು. ಅವರೂ ತಾವೇ ಪದ ಕಟ್ಟಿದವರು. ಈ ಪದಗಳು ಉಳಿದಿದ್ದು ಬಾಯಿಂದ ಬಾಯಿಗೆ. ಈಚೆಗೆ ಕನಕದಾಸ ಅಧ್ಯಯನ ಕೇಂದ್ರದವರು ತತ್ವಪದಗಳನ್ನು ಸಂಪುಟಗಳಾಗಿ ತಂದಿದ್ದಾರೆ, ದೊಡ್ಡ ಕೆಲಸ.

ಆದರೆ ಪುಸ್ತಕದಲ್ಲಿ ಓದಿದರೆ ಒಂದು ಪದ ಒಂದೂವರೆ ನಿಮಿಷಕ್ಕೆ ಮುಗಿಯುತ್ತದೆ. ಒಂದು ಪಲ್ಲವಿ, ನಾಲ್ಕು ನುಡಿ, ಕೊನೆಗೆ ಅಂಕಿತ. ಕಾಕಾನ ಕ್ಯಾಸೆಟ್ಟಿನಲ್ಲಿ ಅಂಥದೇ ಒಂದು ಪದ ಇಪ್ಪತ್ತೆರಡು ನಿಮಿಷ ನಡೆದು, ಆಗಲೂ ಮುಗಿಯದೆ, ಮೂರನೇ ನುಡಿಯಲ್ಲಿ ಟಕ್ ಅಂತ ನಿಲ್ಲುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದು ಬದಿಗೆ ಮೂವತ್ತೇ ನಿಮಿಷ. ತಿರುವಿ ಹಾಕಿದರೆ ಬೇರೆ ಪದ ಶುರುವಾಗಿರುತ್ತದೆ.

ಆ ಇಪ್ಪತ್ತೆರಡು ನಿಮಿಷದಲ್ಲಿ ಏನಾಗುತ್ತದೆ ಅಂತೀರಾ? ಕಾಕಾ ಪಲ್ಲವಿಯನ್ನು ನಾಲ್ಕು ಸಲ ನಾಲ್ಕು ಥರ ಎತ್ತಿಕೊಳ್ಳುತ್ತಾನೆ. ಮೇಳದವರು ಹಿಂದಿನಿಂದ ಹಿಡಿಯುತ್ತಾರೆ. ತಬಲಾದವನು ಲಯ ಏರಿಸುತ್ತಾನೆ, ಪೇಟಿಯವನು ಅದಕ್ಕೆ ಬಿಡದೆ ಬೆನ್ನು ಹತ್ತುತ್ತಾನೆ. ನಡುವೆ ಇನ್ನೊಬ್ಬ ಹಾಡುಗಾರ ಬೇರೆಯದೇ ಪದದ ಒಂದು ನುಡಿಯನ್ನು ತಂದು ಇದಕ್ಕೆ ಜೋಡಿಸುತ್ತಾನೆ, ಕಾಕಾ "ಹಾಂ!" ಅಂತ ಒದರಿ ಅಲ್ಲಿಂದ ವಾಪಸ್ ತನ್ನ ಪಲ್ಲವಿಗೆ ದಾರಿ ಹುಡುಕುತ್ತಾನೆ. ಇದನ್ನು ಮೊದಲೇ ಕೂತು ಲೆಕ್ಕ ಹಾಕಿದವರಿಲ್ಲ. ಮರುದಿನ ಮತ್ತೆ ಹಾಡು ಅಂದರೆ ಹೀಗೇ ಬರುವುದೂ ಇಲ್ಲ. ಗಣಪತಿ ಸ್ತುತಿಯಿಂದ ಶುರುವಾಗಿ ಬೆಳಗಿನ ಮಂಗಳಾರತಿಯ ತನಕ ರಾತ್ರಿಯಿಡೀ ಹೀಗೇ ನಡೆಯುವುದು ನಮ್ಮ ಭಜನಿ.

ಇಂಗ್ಲಿಷಿನವರು ಇದಕ್ಕೇ ಜಾಮ್ ಅನ್ನುತ್ತಾರೆ. ಬ್ರೆಡ್ಡಿಗೆ ಹಚ್ಚುವುದಲ್ಲ, ಸಿಲ್ಕ್ ಬೋರ್ಡಿನಲ್ಲಿ ಆಗುವುದೂ ಅಲ್ಲ. ನಾಲ್ಕಾರು ವಾದ್ಯದವರು ಕೂಡಿ, ಒಂದು ಹಾಡನ್ನು ನೆಪ ಮಾಡಿಕೊಂಡು, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾ ಎಲ್ಲಿಗೋ ಹೋಗುವುದು. ಅದನ್ನೇ ಕಸುಬು ಮಾಡಿಕೊಂಡ ರಾಕ್ ತಂಡಗಳಿಗೆ ಜಾಮ್ ಬ್ಯಾಂಡ್ ಎಂದು ಹೆಸರು. ಅವುಗಳಿಗೆಲ್ಲ ಹಿರಿಯಣ್ಣ ಗ್ರೇಟ್‌ಫುಲ್ ಡೆಡ್. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಶುರುವಾಗಿ, ಗಿಟಾರಿನ ಜೆರ್ರಿ ಗಾರ್ಸಿಯಾ 1995ರ ಆಗಸ್ಟ್ 9ರಂದು ತೀರಿಕೊಳ್ಳುವ ತನಕ ಮೂವತ್ತು ವರ್ಷ ನಡೆಯಿತು. ಅಷ್ಟರಲ್ಲಿ ಸುಮಾರು 2,300 ಕಛೇರಿ. ಯಾವ ಎರಡು ರಾತ್ರಿಯೂ ಒಂದೇ ಥರ ಇಲ್ಲ.

ನನಗೆ ಈ ತಂಡ ಗೊತ್ತಾಗಿದ್ದು ಬೆಂಗಳೂರಿನ ಸಹೋದ್ಯೋಗಿಯೊಬ್ಬನಿಂದ. ಅವನು ಹಾಡಿನ ಹೆಸರು ಹೇಳುತ್ತಿರಲಿಲ್ಲ, ತಾರೀಖು ಹೇಳುತ್ತಿದ್ದ! "ಇವತ್ತು 1972ರ ಆಗಸ್ಟ್ 27 ಕೇಳಿದೆ" ಅನ್ನುತ್ತಿದ್ದ, ನಾವು ಊಟಕ್ಕೆ ಏನು ತಿಂದೆವು ಅಂತ ಹೇಳುವ ಹಾಗೆ. ಮೊದಮೊದಲು ಇವನಿಗೆ ತಲೆ ಸರಿ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಅರ್ಥವಾಯಿತು.

ಅವರ 'ಡಾರ್ಕ್ ಸ್ಟಾರ್' ಅನ್ನುವ ಹಾಡನ್ನೇ ನೋಡಿ. 1968ರಲ್ಲಿ ತಟ್ಟೆಯಾಗಿ ಬಂದಾಗ ಅದರ ಉದ್ದ ಮೂರು ನಿಮಿಷಕ್ಕೂ ಕಡಿಮೆ. ಮರುವರ್ಷ 'ಲೈವ್ ಡೆಡ್' ಎಂಬ ಕಛೇರಿ ಧ್ವನಿಮುದ್ರಣದಲ್ಲಿ ಅದೇ ಹಾಡು ಸುಮಾರು 23 ನಿಮಿಷ. ಪುಸ್ತಕದ ತತ್ವಪದಕ್ಕೂ ಕಾಕಾನ ತತ್ವಪದಕ್ಕೂ ಇರುವ ವ್ಯತ್ಯಾಸವೇ ಇದು. ನಮ್ಮ ಮಲ್ಲಿಕಾರ್ಜುನ ಮನ್ಸೂರರೂ ಹಳೆಯ 78ರ ತಟ್ಟೆಗೆ ಹಾಡುವಾಗ ಒಂದು ರಾಗವನ್ನು ಮೂರು ಚಿಲ್ಲರೆ ನಿಮಿಷದಲ್ಲಿ ಮಡಚಿ ಇಡಬೇಕಿತ್ತು. ಎದುರಿಗೆ ಕೂತು ಕೇಳುವವರಿಗೆ ಸಿಕ್ಕ ಮನ್ಸೂರರೇ ಬೇರೆ.

ಹಾಗಾದರೆ ಎದುರಿಗೆ ಕೂತವರಿಗೆ ಸಿಕ್ಕಿದ್ದು ಉಳಿಯುವುದು ಹೇಗೆ? ಗ್ರೇಟ್‌ಫುಲ್ ಡೆಡ್‌ನ ಕೇಳುಗರು ತಾವೇ ಅದಕ್ಕೆ ದಾರಿ ಹುಡುಕಿದರು. ಕೋಟಿನೊಳಗೆ ಮೈಕು ಮುಚ್ಚಿಟ್ಟುಕೊಂಡು ಹೋಗಿ ಕಛೇರಿಗಳನ್ನು ಟೇಪು ಮಾಡತೊಡಗಿದರು. 1970ರ ದಶಕದ ಮೊದಲಲ್ಲೇ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಲೆಸ್ ಕಿಪ್ಪೆಲ್ ಎಂಬಾತ ಟೇಪು ವಿನಿಮಯದ ಕೂಟ ಕಟ್ಟಿದ. ಅದೇ ನಂಟಿನಿಂದ 1974ರಲ್ಲಿ ಒಂದು ಪತ್ರಿಕೆಯೂ ಹುಟ್ಟಿತು. ನೀತಿ ಸರಳ: ಟೇಪನ್ನು ಮಾರುವ ಹಾಗಿಲ್ಲ, ಕೊಟ್ಟು ತೆಗೆದುಕೊಳ್ಳಬೇಕು. ಕೊಡಲು ಟೇಪಿಲ್ಲದ ಹೊಸಬ ಖಾಲಿ ಕ್ಯಾಸೆಟ್ಟು ಮತ್ತು ಅಂಚೆ ಖರ್ಚು ಕಳಿಸಿದರೆ ಸಾಕು, ಹಾಡು ತುಂಬಿಸಿ ವಾಪಸ್ ಬರುತ್ತಿತ್ತು.

ತಂಡದವರೂ ಕಡೆಗೆ ಒಪ್ಪಿಕೊಂಡರು. 1984ರ ಅಕ್ಟೋಬರ್ 27ರಂದು ಬರ್ಕ್ಲಿಯ ಕಛೇರಿಯಲ್ಲಿ ಮೊದಲ ಸಲ ಟೇಪು ಮಾಡುವವರಿಗೆ ಅಂತಲೇ ಬೇರೆ ಜಾಗ, ಬೇರೆ ಟಿಕೆಟ್ಟು ಮಾಡಿದರು. ಮೈಕಿನ ಕಂಬಗಳು ಜೋಳದ ಹೊಲದ ಹಾಗೆ ಎದ್ದು ನಿಲ್ಲತೊಡಗಿದವು. ಹಾಡನ್ನು ಪುಕ್ಕಟೆ ಒಯ್ಯಲು ಬಿಟ್ಟ ತಂಡ ದಿವಾಳಿಯಾಗಲಿಲ್ಲ. ಟೇಪು ಕೇಳಿದವರು ಮುಂದಿನ ಊರಿಗೆ ಟಿಕೆಟ್ಟು ತೆಗೆದುಕೊಂಡು ಬಂದರು. 1991ರಿಂದ ತಂಡವೇ ತನ್ನ ಉಗ್ರಾಣದ ಹಳೆ ಕಛೇರಿಗಳನ್ನು ತಾರೀಖು ಸಮೇತ ಬಿಡುಗಡೆ ಮಾಡತೊಡಗಿತು, ಅವೂ ಮಾರಾಟವಾದವು.

ಎಲ್ಲವೂ ಸುಖಾಂತ್ಯ ಅಂದುಕೊಳ್ಳಬೇಡಿ. ತಂಡಕ್ಕೆ ಒಳ್ಳೊಳ್ಳೆಯ ಧ್ವನಿಮುದ್ರಣ ಮಾಡಿದ ಬೆಟ್ಟಿ ಕ್ಯಾಂಟರ್ ಜಾಕ್ಸನ್ ಎಂಬ ಹೆಣ್ಣುಮಗಳ ಸುರುಳಿಗಳು ಬಾಡಿಗೆಯ ಗೋದಾಮಿನಲ್ಲಿದ್ದವು. ಬಾಡಿಗೆ ಕಟ್ಟಲಾಗದೆ 1986ರಲ್ಲಿ ಅವು ಹರಾಜಾದವು. ಕೊಂಡವರಲ್ಲಿ ಒಬ್ಬರ ಕೊಟ್ಟಿಗೆಯಲ್ಲಿ ಬೂಸ್ಟು ಹಿಡಿದ ಸುರುಳಿಗಳನ್ನು ಮತ್ತೊಬ್ಬ ಅಭಿಮಾನಿ ಎಷ್ಟೋ ದಿನ ಕೂತು ಸರಿಪಡಿಸಿದ. ಆಕೆಯೇ ಮುದ್ರಿಸಿದ 1977ರ ಮೇ 8ರ ಕಾರ್ನೆಲ್ ವಿಶ್ವವಿದ್ಯಾಲಯದ ಕಛೇರಿ ಅಮೆರಿಕದ ಸಂಸತ್ತಿನ ಗ್ರಂಥಾಲಯದ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿತು. ತಂಡದಿಂದ ಅದು ಅಧಿಕೃತವಾಗಿ ಹೊರಬಂದಿದ್ದು 2017ರಲ್ಲಿ, ನಲವತ್ತು ವರ್ಷದ ಮೇಲೆ. ಗೋದಾಮಿನ ಬಾಡಿಗೆಗೆ ಹೋಗಿಬಿಡಬಹುದಾಗಿದ್ದ ರಾತ್ರಿ ಅದು!

ಅಂದ ಹಾಗೆ, ಈ ಕಥೆಯಲ್ಲಿ ನಮ್ಮವರೂ ಬರುತ್ತಾರೆ. ತಂಡದ ಧ್ವನಿಯ ಉಸ್ತುವಾರಿ ನೋಡುತ್ತಿದ್ದ ಔಸ್ಲೀ ಸ್ಟಾನ್ಲಿ ತನ್ನ ಕಿವಿ ತಿದ್ದಿಕೊಳ್ಳಲಿಕ್ಕೆ ಪ್ರತಿ ಕಛೇರಿಯನ್ನೂ ದಿನಚರಿ ಬರೆದ ಹಾಗೆ ಟೇಪು ಮಾಡುತ್ತಿದ್ದ. 1970ರ ಮೇ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನ ಟೇಪಿಗೆ ಸಿಕ್ಕಿದ್ದು ಅಲಿ ಅಕ್ಬರ್ ಖಾನರ ಸರೋದ್. ತಬಲಾಕ್ಕೆ ಕೂತಿದ್ದವರು ಆಗಿನ್ನೂ ಹತ್ತೊಂಬತ್ತರ ಹುಡುಗ ಝಾಕಿರ್ ಹುಸೇನ್. ಆ ಕಛೇರಿ ಐವತ್ತು ವರ್ಷದ ನಂತರ, 2020ರಲ್ಲಿ ಪ್ರಕಟವಾಯಿತು. ಝಾಕಿರ್ 2024ರ ಡಿಸೆಂಬರ್‌ನಲ್ಲಿ ಹೋದರು. ಆ ರಾತ್ರಿ ಮಾತ್ರ ಉಳಿದಿದೆ. ಉಳಿದಿದ್ದು ಯಾಕೆ? ಒಬ್ಬ ಟೇಪು ಒತ್ತಿದ, ಡಬ್ಬದ ಮೇಲೆ ತಾರೀಖು ಬರೆದ. ಅಷ್ಟೇ.

ಈಗ ತಿಂಥಣಿಗೆ ವಾಪಸ್ ಬರೋಣ.

ನಮ್ಮ ಕಡೆಯೂ ಟೇಪು ಮಾಡುವವರೇನು ಕಮ್ಮಿ ಇರಲಿಲ್ಲ. ಎಂಬತ್ತರ ದಶಕದಲ್ಲಿ ದುಬೈಗೋ ಬೊಂಬಾಯಿಗೋ ಹೋಗಿ ಬಂದವರ ಕೈಯಲ್ಲಿ ಟೇಪ್ ರೆಕಾರ್ಡರ್ ಇರುತ್ತಿತ್ತು. ಭಜನಿಯ ನಡುವೆ ಅದನ್ನಿಟ್ಟು ಒತ್ತಿದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಒಬ್ಬರಿಂದ ಒಬ್ಬರು ಕಾಪಿ ಮಾಡಿಸಿಕೊಳ್ಳುತ್ತಿದ್ದರು, ದುಡ್ಡಿನ ಮಾತೇ ಇಲ್ಲ. ಅಂದರೆ ಬರ್ಕ್ಲಿಯವರು ಬೇರೆ ಜಾಗ, ಬೇರೆ ಟಿಕೆಟ್ಟು ಮಾಡಿ ಕೊಟ್ಟ ಸ್ವಾತಂತ್ರ್ಯ ನಮ್ಮಲ್ಲಿ ಕೇಳದೆಯೇ ಇತ್ತು. ಅವರಲ್ಲಿದ್ದು ನಮ್ಮಲ್ಲಿ ಇಲ್ಲದ್ದು ಒಂದೇ: ಮೇಲೆ ಬರೆಯುವುದು. ಯಾವ ದಿನ, ಯಾವ ಊರು, ಯಾರು ಹಾಡಿದರು, ಯಾವ ಕ್ರಮದಲ್ಲಿ. 1987ರಲ್ಲಿ ಅವರ ಅಭಿಮಾನಿಗಳು ಯಾವ ರಾತ್ರಿ ಯಾವ್ಯಾವ ಹಾಡು ಅಂತ ಪಂಚಾಂಗದಂಥ ಪುಸ್ತಕವನ್ನೇ ತಂದುಬಿಟ್ಟರು.

ತತ್ವಪದದಲ್ಲಿ ಕಟ್ಟಿದವನ ಹೆಸರು ಅಳಿಯುವುದಿಲ್ಲ, ಕೊನೆಯ ನುಡಿಯಲ್ಲಿ ಅಂಕಿತ ಇರುತ್ತದೆ. ಇನ್ನೂರು ವರ್ಷವಾದರೂ ಮಡಿವಾಳಪ್ಪನವರ ಪದ ಯಾವುದು ಅಂತ ಗುರುತು ಸಿಗುವುದು ಹಾಗೆ. ಹಾಡಿದವನ ರಾತ್ರಿಗೆ ಅಂಕಿತ ಇಲ್ಲ. ಅದನ್ನು ಕೇಳಿದವರೇ ಹಾಕಬೇಕಿತ್ತು. ನಾವು ಹಾಕಲಿಲ್ಲ.

ಒಮ್ಮೆ ಕಾಕಾನಿಗೆ ಇದನ್ನು ಕೇಳಿದ್ದೆ. "ಹಾಡಿದ ಮ್ಯಾಲ ಮುಗೀತಲೋ ತಮ್ಮಾ, ಮತ್ತ್ಯಾಕ ಬರೀಬೇಕು? ಪದ ಗುರುವಿಂದು" ಅಂದಿದ್ದ. ದೊಡ್ಡ ಮಾತು. ಅವನು ಅನ್ನಬಹುದು. ಕೇಳಿದ ನಾನು ಅದನ್ನು ನೆಪ ಮಾಡಿಕೊಳ್ಳುವ ಹಾಗಿಲ್ಲ.

ಕ್ಯಾಸೆಟ್ಟಿನ ಕಾಲ ಗೊತ್ತಾಗಿದ್ದು ಹೇಗೆ ಹೇಳಲೇ? ಎರಡನೇ ಬದಿಯಲ್ಲಿ ಪದ ಮುಗಿದು ಚಹಾದ ಗಲಾಟೆ ಇದೆ. ಆ ಗದ್ದಲದಲ್ಲಿ ಮುದುಕನೊಬ್ಬ "ಇಂದಿರಮ್ಮ ಹೋಗಿ ಮೂರು ತಿಂಗಳಾತು" ಅನ್ನುತ್ತಾನೆ. ಇಂದಿರಾ ಗಾಂಧಿ ಹತ್ಯೆಯಾಗಿದ್ದು 1984ರ ಅಕ್ಟೋಬರ್ 31. ಕೃಷ್ಣೆಯ ದಂಡೆಯ ಮೇಲಿನ ತಿಂಥಣಿಯಲ್ಲಿ ಮೌನೇಶ್ವರರ ಜಾತ್ರೆ ನಡೆಯುವುದು ಭರತ ಹುಣ್ಣಿಮೆಗೆ. 1985ರಲ್ಲಿ ಆ ಹುಣ್ಣಿಮೆ ಬಿದ್ದಿದ್ದು ಫೆಬ್ರವರಿ 5ಕ್ಕೆ. ಅಲ್ಲಿಗೆ ಲೆಕ್ಕ ಸರಿಯಾಯ್ತು! ಬರ್ಕ್ಲಿಯಲ್ಲಿ ಟೇಪಿನವರಿಗೆ ಜಾಗ ಸಿಕ್ಕಿ ನೂರು ದಿನವಾಗಿತ್ತು. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಜಾತ್ರೆಯಲ್ಲಿ, ಅದೇ ಚಳಿಗಾಲದಲ್ಲಿ, ನಮ್ಮ ಟೇಪೂ ಓಡುತ್ತಿತ್ತು. ಕ್ಯಾಸೆಟ್ಟಿನ ಮೇಲೆ ಈಗ ನಾನೇ ಬರೆದಿದ್ದೇನೆ: 1985, ಭರತ ಹುಣ್ಣಿಮೆ. ಕಾಕಾನ ಹೆಸರನ್ನೂ ಬರೆದೆ. ತಬಲಾದವರು ಯಾರು ಅಂತ ಅವ್ವನಿಗೂ ನೆನಪಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ.

ಉಳಿದ ಹತ್ತು ಕ್ಯಾಸೆಟ್ಟಿನ ಮಾತು ಹೇಳದೆ ಮುಗಿಸಿದರೆ ಸುಳ್ಳು ಹೇಳಿದ ಹಾಗೆ. ಮೂರರಲ್ಲಿ ಭಜನಿ ಇದೆ. ಎರಡು ಸುರುಳಿ ಅಂಟಿಕೊಂಡು ಓಡುತ್ತಿಲ್ಲ. ಒಂದು ಖಾಲಿ. ಮಿಕ್ಕ ನಾಲ್ಕರಲ್ಲಿ 'ಪ್ರೇಮಲೋಕ'ದ ಹಾಡುಗಳಿವೆ. ಕ್ಯಾಸೆಟ್ಟಿನ ಬೆನ್ನಿಗಿರುವ ಚಿಕ್ಕ ಪ್ಲಾಸ್ಟಿಕ್ ಚೂರು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲು ಬರುವುದಿಲ್ಲ, ನೆನಪಿದೆಯಾ? ಕಾಕಾ ಆ ಚೂರುಗಳನ್ನು ಮುರಿದೇ ಇಟ್ಟಿದ್ದ. ಹೆಸರು ಬರೆಯದಿದ್ದರೂ ಉಳಿಯಲಿ ಎಂಬ ಆಸೆ ಅವನಿಗೂ ಇತ್ತು ಅಂತಾಯ್ತು. 1987ರಲ್ಲಿ, ಆ ಸಿನಿಮಾ ಬಂದ ವರ್ಷ, ಆ ತೂತುಗಳಿಗೆ ಕಾಗದ ತುರುಕಿ ಗೆಳೆಯನ ಕ್ಯಾಸೆಟ್ಟಿನಿಂದ ಹಾಡು ಇಳಿಸಿಕೊಂಡವನು ನಾನು. ಕಾಗದ ಇನ್ನೂ ಹಾಗೇ ಇದೆ, ನನ್ನದೇ ಲೆಕ್ಕದ ನೋಟ್‌ಬುಕ್ಕಿನ ಹಾಳೆ. ಕಾಕಾ ಒಂದು ಮಾತೂ ಅಂದಿರಲಿಲ್ಲ. ಒಂದು ಬದಿಯ ತುದಿಯಲ್ಲಿ ಸಿನಿಮಾ ಹಾಡು ಮುಗಿದ ಮೇಲೆ ಹನ್ನೊಂದು ಸೆಕೆಂಡು ಏಕತಾರಿ ಕೇಳಿಸುತ್ತದೆ. ಅಷ್ಟು ಉಳಿದಿದೆ.

ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಜನರ ಮನೆಯ ಅಟ್ಟದಲ್ಲಿ ಇಂಥ ಟ್ರಂಕು ಇರುತ್ತದೆ. ಭಜನಿ, ಮೊಹರಂ ಪದ, ಬಯಲಾಟ, ಸೋಬಾನೆ, ಏನಾದರೂ. ಕಂಪ್ಯೂಟರಿಗೆ ಇಳಿಸುವುದು ಆಮೇಲೆ ಆಗಲಿ. ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಯಾವ ವರ್ಷ, ಯಾವ ಹಬ್ಬ, ಯಾರ ದನಿ, ಯಾರ ತಾಳ. ಕ್ಯಾಸೆಟ್ಟಿನ ಮೇಲೆ ಬರೆಯಿರಿ. ಎಲ್ಲರಿಗೂ ಹಂಚುವ ಮುಂಚೆ ಹಾಡಿದವರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳಿ. ಮಾರಬೇಡಿ.

ಹಾಂ, ಆ ಚೂರು ಮುರಿದಿದ್ದರೆ ಕಾಗದ ತುರುಕಬೇಡಿ.