‘ಖರಾಬು’: ಒಂದು ಕಂದಾಯ ಪದದ ಅರ್ಥವ್ಯಾಪ್ತಿ

ಉಳದ ನೆಲಕ್ಕೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ: ಬೀಳು, ಬಂಜರು, ಪಾಳು, ಬೇಣ, ಗೋಮಾಳ. ಇವುಗಳ ನಡುವೆ ‘ಖರಾಬು’ ಒಂಟಿಯಾಗಿ ನಿಲ್ಲುತ್ತದೆ. ಅರಬ್ಬಿ ಮೂಲದ ಈ ಪದಕ್ಕೆ ಆಡುಮಾತಿನಲ್ಲಿ ‘ಕೆಟ್ಟದ್ದು’ ಎಂದೇ ಅರ್ಥ. ರಸ್ತೆಯೂ ಖರಾಬಾಗುತ್ತದೆ, ತಲೆಯೂ ಖರಾಬಾಗುತ್ತದೆ. ಹಾಗಾಗಿ ಪಹಣಿಯ ಖರಾಬನ್ನೂ ಬೆಳೆ ಬಾರದ ಕೆಟ್ಟ ನೆಲವೆಂದು ಓದುವುದು ರೂಢಿ. ಈ ಓದು ಅರ್ಧ ಮಾತ್ರ ಸರಿ.

ಸರ್ವೆ ನಂಬರಿನೊಳಗೇ ಸೇರಿಕೊಂಡ ಖರಾಬಿಗೆ ‘ಪೋಟ್ ಖರಾಬು’ ಎನ್ನುತ್ತಾರೆ. ಪೋಟ್ ಎಂದರೆ ಮರಾಠಿಯಲ್ಲಿ ಹೊಟ್ಟೆ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದಿಂದ ಇದನ್ನು ಕಳೆದು, ಉಳಿದದ್ದಕ್ಕೆ ಕಂದಾಯ ಕಟ್ಟುತ್ತಾರೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ಇದನ್ನು ಎರಡಾಗಿ ಒಡೆಯುತ್ತವೆ. ಸರ್ವೆಯ ಕಾಲದಲ್ಲಿ ಸಾಗುವಳಿಗೆ ಯೋಗ್ಯವಲ್ಲವೆಂದು ಗುರುತಿಸಿದ್ದು ‘ಅ’ ಖರಾಬು. ಹಿಡುವಳಿದಾರನ ಕಣವೂ ಬೇಸಾಯದ ಕಟ್ಟಡಗಳೂ ಇದರಲ್ಲೇ ಸೇರುತ್ತವೆ. ದಾರಿ, ಊರವರು ಬಳಸುವ ಕೆರೆ ಮತ್ತು ಹಳ್ಳ, ಸ್ಮಶಾನ, ಕುಂಬಾರಿಕೆಗೆ ಬಿಟ್ಟ ಜಾಗ ‘ಬ’ ಖರಾಬು.

ಈ ಪಟ್ಟಿಯನ್ನು ನಿಧಾನವಾಗಿ ಗಮನಿಸಬೇಕು. ಸುಗ್ಗಿಯಲ್ಲಿ ರಾಶಿ ಮಾಡುವ ಕಣ ಖರಾಬು. ಗದ್ದೆಗೆ ನೀರುಣಿಸುವ ಕೆರೆಯಂಗಳವೂ ಖರಾಬೇ. ಕೆಟ್ಟದ್ದೆಂಬ ಅರ್ಥ ಇಲ್ಲಿ ಹೊಂದುವುದಿಲ್ಲ. ಇಲ್ಲಿ ಕೆಟ್ಟಿರುವುದು ಮಣ್ಣಲ್ಲ, ಸರ್ಕಾರದ ವಸೂಲಿ! ಕಂದಾಯ ಕಟ್ಟದ ನೆಲ ಎಂಬುದೇ ಈ ಪದದ ನಿಜವಾದ ತಾಂತ್ರಿಕ ಅರ್ಥವೆಂದು ನನ್ನ ವಾದ.

‘ಬೀಳು’ ಇದಕ್ಕೆ ತದ್ವಿರುದ್ಧ. ‘ಮಳೆ ಹಿಡೀಲಿಲ್ಲ, ಹೊಲ ಬೀಳು ಬಿಟ್ವಿ’ ಎನ್ನುವ ರೈತನಿಗೆ ಅದು ಈ ವರ್ಷದ ಸ್ಥಿತಿ. ಮುಂದಿನ ವರ್ಷ ಅದೇ ಹೊಲದಲ್ಲಿ ಜೋಳವಿರಬಹುದು. ಬಿಡುವವನೊಬ್ಬನಿದ್ದಾನೆ, ಮತ್ತೆ ಉಳುವವನೂ ಅವನೇ. ಖರಾಬಾದರೋ ಸರ್ವೆಯ ದಿನ ಅಂಟಿದ ಹಣೆಪಟ್ಟಿ; ಮೇಲೆ ರಾಗಿ ಬೆಳೆದರೂ ದಾಖಲೆ ತಿದ್ದುವವರೆಗೆ ಅಳಿಯದು. ದಕ್ಷಿಣ ಕನ್ನಡದ ‘ಕುಮ್ಕಿ’ ಬೇರೆಯೇ ಜಾತಿ. ಅದು ಸರ್ಕಾರಿ ನೆಲ, ಆದರೆ ಸೊಪ್ಪು, ಸೌದೆಗಳ ಸವಲತ್ತು ಪಕ್ಕದ ಜಮೀನಿನ ಹಿಡುವಳಿದಾರನದು, ಅಂದರೆ ವರ್ಗದಾರನದು. ನೆಲದ ಗುಣವನ್ನಲ್ಲ, ಬಳಕೆಯ ಹಕ್ಕನ್ನು ಅದು ಹೆಸರಿಸುತ್ತದೆ.

ಈ ವ್ಯತ್ಯಾಸ ಬರೀ ಪಂಡಿತರ ಚರ್ಚೆಯಲ್ಲ. ಬೆಂಗಳೂರಿನ ಅಂಚಿನಲ್ಲಿ ಬಡಾವಣೆ ಎದ್ದಾಗ ‘ಹೇಗೂ ಖರಾಬು ತಾನೆ’ ಎಂಬ ಮಾತಿನಲ್ಲಿ ಕಾಲುವೆಯೂ ಬಂಡಿದಾರಿಯೂ ನಿವೇಶನದೊಳಗೆ ಸೇರಿಬಿಡುವುದುಂಟು. ಆಡುಮಾತಿನ ಅರ್ಥ ಕಡತದ ಅರ್ಥವನ್ನು ನುಂಗುವುದು ಹೀಗೆ. ಆದ್ದರಿಂದ ಕನ್ನಡ ನಿಘಂಟುಗಳು ‘ಖರಾಬು’ ನಮೂದಿನಲ್ಲಿ ಕಂದಾಯದ ಅರ್ಥವನ್ನು ಬೇರೆಯಾಗಿಯೇ ಕೊಟ್ಟು, ಅದರಡಿ ‘ಅ’ ಮತ್ತು ‘ಬ’ ಭೇದವನ್ನೂ ಕಾಣಿಸಬೇಕು.