ಗೋಷ್ಠಿಯ ವಿದ್ಯೆ ಹೋಬಳಿಗೆ ಬರುವ ದಾರಿ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ವಂಶವೃಕ್ಷ ಬರೆಯುವ ಕ್ರಮವಿದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ನಡುವೆ ಒಂದು ಗೆರೆ. ಗಂಡಹೆಂಡಿರು ರಕ್ತಸಂಬಂಧಿಗಳಾಗಿದ್ದರೆ ಎರಡು ಗೆರೆ. ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಯಂಥ ಗಡಿಸೀಮೆಯಲ್ಲಿ ಆ ಎರಡು ಗೆರೆ ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಈ ಕಡೆಯ ಹಳೆಯ ರೂಢಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರ ತಂಡ 1980ರ ದಶಕದಲ್ಲಿ ರಾಜ್ಯದ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಆನುವಂಶಿಕ ಕಾಯಿಲೆಗಳಿಗಾಗಿ ಪರೀಕ್ಷಿಸಿತು. ಆ ಕಾಲದ ಅಧ್ಯಯನಗಳು ಕಂಡಂತೆ ಕರ್ನಾಟಕದ ಮದುವೆಗಳಲ್ಲಿ ಸುಮಾರು ಮೂರರಲ್ಲೊಂದು ಸಂಬಂಧದೊಳಗೇ ನಡೆದದ್ದು.

ಇಂಥ ತಿಳಿವಳಿಕೆ ಪ್ರಯೋಗಾಲಯದಿಂದ ಪಾಠದ ಕೋಣೆಗೆ, ಅಲ್ಲಿಂದ ಆಸ್ಪತ್ರೆಗೆ ಬಂದದ್ದರಲ್ಲಿ ವೃತ್ತಿಸಂಘಗಳ ಪಾಲು ದೊಡ್ಡದು. ಅಮೆರಿಕದಲ್ಲಿ ಮಾನವ ತಳಿವಿಜ್ಞಾನಿಗಳ ಸಂಘ 1948ರಲ್ಲೇ ಹುಟ್ಟಿತು. ಅಲ್ಲಿ ತಳಿವಿಜ್ಞಾನದ ಆಪ್ತಸಲಹೆಗಾರರ ಸ್ನಾತಕೋತ್ತರ ತರಬೇತಿ 1969ರಲ್ಲಿ, ಅವರದೇ ಸಂಘ 1979ರಲ್ಲಿ ಶುರುವಾದವು. ನಮ್ಮ ಕಥೆ ಬೇರೆ ಬಾಗಿಲಿನಿಂದ ಆರಂಭವಾಗುತ್ತದೆ. ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ 1910ರಲ್ಲಿ ಇಂಗ್ಲೆಂಡಿನಲ್ಲಿ ಆರಂಭಿಸಿದ್ದ 'ಜರ್ನಲ್ ಆಫ್ ಜೆನೆಟಿಕ್ಸ್' ಅನ್ನು ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ತಮ್ಮ ಜೊತೆಗೇ ಭಾರತಕ್ಕೆ ತಂದರು. ಅವರು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮುಂದೆ ನಿಂತೇಹೋದ ಆ ಪತ್ರಿಕೆಗೆ 1985ರಲ್ಲಿ ಮರುಜೀವ ಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಸಂಸ್ಥೆ. ಇದೇ ಅಕಾಡೆಮಿ 1996ರಿಂದ ಪದವಿ ವಿದ್ಯಾರ್ಥಿಗಳಿಗಾಗಿ 'ರೆಸೊನೆನ್ಸ್' ತರುತ್ತಿದೆ, ಬೇಸಿಗೆಯಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನಾ ಅವಕಾಶ ಕೊಡುತ್ತಿದೆ, ಕಾಲೇಜು ಅಧ್ಯಾಪಕರಿಗೆ ಪುನಶ್ಚೇತನ ಶಿಬಿರ ನಡೆಸುತ್ತಿದೆ. ಸಣ್ಣ ಊರಿನ ಕಾಲೇಜಿನ ಮೇಷ್ಟ್ರಿಗೆ ಇವುಗಳಿಂದಾದ ಉಪಕಾರವನ್ನು ಯಾರೂ ಲೆಕ್ಕ ಹಾಕಿಲ್ಲ.

ಮೊದಮೊದಲು ಕರ್ನಾಟಕದ ತಳಿವಿಜ್ಞಾನವೆಂದರೆ ಹೆಚ್ಚಾಗಿ ಗಿಡ ಮತ್ತು ನೊಣ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಣ್ಣಿನ ನೊಣ ಡ್ರೊಸೊಫಿಲಾದ ಸಂಗ್ರಹ ಕೇಂದ್ರ ಬೆಳೆಯಿತು. ಕೋಶವಿಜ್ಞಾನಿಗಳು ಮತ್ತು ತಳಿವಿಜ್ಞಾನಿಗಳ ಸಂಘದ ಪತ್ರಿಕೆ 1966ರಿಂದ ಹೊರಬಂತು. ಕ್ರೋಮೋಸೋಮು ಎಣಿಸಲು ಕಲಿತ ಆ ತಲೆಮಾರೇ ಮುಂದೆ ಮನುಷ್ಯನತ್ತ ಸೂಕ್ಷ್ಮದರ್ಶಕ ತಿರುಗಿಸಿತು. 1970ರ ದಶಕದಲ್ಲಿ ಬಂದ ಭಾರತೀಯ ಮಾನವ ತಳಿವಿಜ್ಞಾನ ಸಂಘ ಅದಕ್ಕೆ ವೇದಿಕೆಯಾಯಿತು. ವಾರ್ಷಿಕ ಸಮ್ಮೇಳನವೇ ಅದರ ಮುಖ್ಯ ಪಾಠಶಾಲೆ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಕಲಿಸಿದ್ದು ಅದರ ನಂತರ ಬಂದ ಭಾರತೀಯ ವೈದ್ಯಕೀಯ ತಳಿವಿಜ್ಞಾನ ಅಕಾಡೆಮಿಯ ಬಳಗ. ಲಖನೌದ ವೈದ್ಯೆ ಶುಭಾ ಫಡ್ಕೆ ಅವರ ಸಂಪಾದಕತ್ವದಲ್ಲಿ ಬೆಳೆದ 'ಜೆನೆಟಿಕ್ ಕ್ಲಿನಿಕ್ಸ್' ಎಂಬ ತ್ರೈಮಾಸಿಕವನ್ನು ಯಾವ ವೈದ್ಯರಾದರೂ ಹಣ ಕೊಡದೆ ಓದಬಹುದು. ಅದರಲ್ಲಿ ಚಿತ್ರ ನೋಡಿ ರೋಗ ಗುರುತಿಸುವ ರಸಪ್ರಶ್ನೆಯೂ ಇರುತ್ತದೆ. ನೂರು ಪುಟದ ಸ್ಮರಣ ಸಂಚಿಕೆಗಿಂತ ಅಂಥ ಒಂದು ಪುಟದ ಪ್ರಶ್ನೆ ಮಕ್ಕಳ ವೈದ್ಯರಿಗೆ ಹೆಚ್ಚು ನೆನಪಿರುತ್ತದೆ. 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 'ಉಮ್ಮೀದ್' ಯೋಜನೆ ಹೂಡಿ ಸರ್ಕಾರಿ ವೈದ್ಯರಿಗೆ ತಳಿವಿಜ್ಞಾನದ ತರಬೇತಿ ಕೊಡಲು ಹೊರಟಾಗ ಪಾಠ ಹೇಳಬಲ್ಲ ತಜ್ಞರು ಸಿಕ್ಕಿದ್ದು ಇಂಥ ಬಳಗಗಳಿಂದಲೇ.

ರಾಜ್ಯದೊಳಗೆ ಮಾನವ ತಳಿವಿಜ್ಞಾನ ಕೇಂದ್ರ ಬೆಂಗಳೂರಿನಲ್ಲಿದೆ. ಎಚ್. ಶರತ್‌ಚಂದ್ರ ಅದನ್ನು ಕಟ್ಟಿದವರು. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಡನೆ ಸೇರಿ ಅದು 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರವೂ ಆಗಿದೆ. ಮಣಿಪಾಲದಲ್ಲಿ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ. ಕೋಲಾರದ ಟಮಕದಲ್ಲಿ 1986ರಲ್ಲಿ ಆರಂಭವಾದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಅಣುತಳಿವಿಜ್ಞಾನ ವಿಭಾಗವೂ ಇದೆ. ಬೈರಕೂರಿನಿಂದ ನೋಡಿದರೆ ಅದೇ ಹತ್ತಿರದ್ದು.

ಆದರೂ ಸಂಘಗಳ ವಿದ್ಯೆ ವೈದ್ಯರ ಕೊಠಡಿಯನ್ನು ದಾಟಿದ್ದು ಕಡಿಮೆ. ಗೋಷ್ಠಿ ಇಂಗ್ಲಿಷಿನಲ್ಲಿ, ಮದುವೆಯ ಮಾತು ಕನ್ನಡದಲ್ಲೋ ತೆಲುಗಿನಲ್ಲೋ. ಈ ಅಂತರ ತುಂಬಿದ್ದು ಬಹುಮಟ್ಟಿಗೆ ರೋಗಿಗಳ ಸಂಘಗಳು. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥವು ಕುಟುಂಬಗಳನ್ನೇ ಕೂರಿಸಿಕೊಂಡು, ತಾಯಿ ಆರೋಗ್ಯವಾಗಿದ್ದೂ ಮಗನಿಗೆ ರೋಗ ಹೇಗೆ ಬಂತು ಎಂದು ಬಿಡಿಸಿ ಹೇಳಿದವು. ತಾಯಿಯ ಮೇಲಿನ ಅಪವಾದ ಕಳೆಯುವುದೂ ಆ ಪಾಠದ ಭಾಗ.

ಸಂಬಂಧದ ಮದುವೆಯ ವಿಷಯದಲ್ಲೂ ಹೆದರಿಸುವ ಭಾಷಣದಿಂದ ಏನೂ ಆಗದು. ಯಾವ ದಂಪತಿಗಾದರೂ ಹುಟ್ಟುವ ಮಗುವಿಗೆ ಗಂಭೀರ ತೊಂದರೆಯಿರುವ ಸಂಭವ ನೂರಕ್ಕೆ ಎರಡು ಮೂರು. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾದರೆ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಅಕ್ಕನ ಮಗಳಾದರೆ ಅದಕ್ಕಿಂತ ಜಾಸ್ತಿ, ಏಕೆಂದರೆ ಇಬ್ಬರಲ್ಲೂ ಒಂದೇ ಆಗಿರುವ ವಂಶವಾಹಿಗಳ ಪಾಲು ಇಮ್ಮಡಿ. ಅಂದರೆ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ, ಅದಕ್ಕೇ ಹಿರಿಯರು ಭಾಷಣ ನಂಬುವುದಿಲ್ಲ. ಈ ಲೆಕ್ಕವನ್ನು ಇದ್ದಂತೆ ಹೇಳಲು ಆಶಾ ಕಾರ್ಯಕರ್ತೆಯರಿಗೆ ಕಲಿಸುವ ಕೆಲಸವನ್ನು ಸಂಘಗಳು ಕೈಗೆತ್ತಿಕೊಳ್ಳಬೇಕು. ಸಮ್ಮೇಳನದ ಒಂದು ದಿನವನ್ನು ಬೆಂಗಳೂರಿನ ಹೋಟೆಲಿನ ಬದಲು ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆದರೆ ಸಾಕು, ಆರಂಭವಾಗುತ್ತದೆ.

ಓದುಗರಿಗೆ ಒಂದು ಮಾತು: ಮನೆಯಲ್ಲಿ ಕಾರಣ ತಿಳಿಯದೆ ಮಗು ತೀರಿಕೊಂಡಿದ್ದರೆ, ಅಥವಾ ಒಂದೇ ಬಗೆಯ ಕಾಯಿಲೆ ಇಬ್ಬರಿಗೆ ಬಂದಿದ್ದರೆ, ಹಳೆಯ ಆಸ್ಪತ್ರೆ ಚೀಟಿಗಳನ್ನು ಎಸೆಯಬೇಡಿ. ಮುಂದಿನ ಗರ್ಭಕ್ಕೆ ಮೊದಲೇ ಅವನ್ನು ತೆಗೆದುಕೊಂಡು ತಳಿವಿಜ್ಞಾನದ ವೈದ್ಯರನ್ನು ಕಾಣಿ.