ಪಂಜರದಲ್ಲಿ ಹಾಕಿ ಅಳಲು ಬಿಟ್ಟರೆ ನಾಯಿಮರಿ ತಾನೇ ಸುಮ್ಮನಾಗುತ್ತದೆಯೇ? ಇಲ್ಲಿದೆ ನಿಜ

ಬೀಳಗಿ, ಮುಧೋಳ, ಜಮಖಂಡಿ ಕಡೆ ಮನೆಗೆ ಮುಧೋಳ ನಾಯಿಮರಿ ಬಂದರೆ ಮೊದಲ ವಾರದ ಕಥೆ ಹೆಚ್ಚುಕಡಿಮೆ ಒಂದೇ. ದೊಡ್ಡವರು ಹೊಲಕ್ಕೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಒಂಟಿಯಾದ ಮರಿ ಓಣಿಗೆಲ್ಲ ಕೇಳುವಂತೆ ಅಳುತ್ತದೆ, ಚಪ್ಪಲಿ ಕಡಿಯುತ್ತದೆ. ಆಗ ಯಾರೋ ಹೇಳುತ್ತಾರೆ: "ಪಂಜರದಾಗ ಹಾಕಿ ಮೂರು ದಿನ ಅಳಾಕ ಬಿಡ್ರಿ, ತಾನ ಸುಮ್ಮನಾಗ್ತದ." ಈ ಮಾತು ಎಷ್ಟು ಸರಿ?

ಚುಟುಕು ಉತ್ತರ: ತಪ್ಪು. ಅತ್ತು ಸುಸ್ತಾದ ಮರಿ ಸುಮ್ಮನಾಗಬಹುದು, ಆದರೆ ಅದರ ಹೆದರಿಕೆ ಹೋಗಿರುವುದಿಲ್ಲ. ನಿಧಾನವಾಗಿ ರೂಢಿ ಮಾಡಿಸಿದರೆ ಅದೇ ಗೂಡು ಮರಿಗೆ ನೆಮ್ಮದಿಯ ಜಾಗವಾಗುತ್ತದೆ.

ಮರಿ ಏಕೆ ಅಳುತ್ತದೆ?

ಸಾಮಾನ್ಯವಾಗಿ ಮರಿ ಮನೆಗೆ ಬರುವುದು ಎರಡು ತಿಂಗಳ ವಯಸ್ಸಿಗೆ. ಅಲ್ಲಿಯವರೆಗೆ ಅದು ತಾಯಿ, ಒಡಹುಟ್ಟಿದ ಮರಿಗಳ ಮೈಗೆ ಒತ್ತಿಕೊಂಡೇ ಮಲಗಿರುತ್ತದೆ. ಒಂಟಿಯಾದಾಗ ಕೂಗಿ ಕರೆಯುವುದು ಅದರ ಹುಟ್ಟುಗುಣ, ಹಟವಲ್ಲ. ಬಾಗಿಲು ಹಾಕಿ ಹೋದವರು ಮತ್ತೆ ಬರುತ್ತಾರೆ ಎಂಬುದನ್ನು ಅದು ಇನ್ನೂ ಕಲಿಯಬೇಕು.

ಗೂಡು ಹೇಗಿರಬೇಕು?

ಮರಿ ಎದ್ದು ನಿಲ್ಲಲು, ಸುತ್ತು ತಿರುಗಲು, ಕಾಲು ಚಾಚಿ ಮಲಗಲು ಜಾಗ ಬೇಕು. ಮುಧೋಳ ತಳಿಯ ಗಂಡು ನಾಯಿ ಬೆಳೆದಾಗ ಭುಜದ ಎತ್ತರ ಸುಮಾರು 70 ಸೆಂ.ಮೀ. ಇರುತ್ತದೆ. ಹಾಗಾಗಿ ಮರಿಗೆಂದು ತಂದ ಸಣ್ಣ ಗೂಡು ಬಹಳ ದಿನ ಸಾಲುವುದಿಲ್ಲ. ಈ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ತೆಳು. ಬರೀ ತಂತಿ ಅಥವಾ ಸಿಮೆಂಟ್ ನೆಲದ ಮೇಲೆ ಮಲಗಿದರೆ ಮೊಣಕೈ ಚರ್ಮ ಒರಟಾಗುತ್ತದೆ. ಹಳೆಯ ಕೌದಿ ಹಾಸಿ. ಒಳಗೆ ಬಿಡುವ ಮುನ್ನ ಕೊರಳಪಟ್ಟಿ ಬಿಚ್ಚಿ, ತಂತಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟಬಹುದು.

ಹಂತ ಹಂತವಾಗಿ ರೂಢಿ ಮಾಡಿಸುವುದು

1. ಮೊದಲ ಎರಡು-ಮೂರು ದಿನ ಬಾಗಿಲು ತೆರೆದೇ ಇರಲಿ. ಊಟದ ತಟ್ಟೆಯನ್ನು ಗೂಡಿನೊಳಗೇ ಇಡಿ. ನಡುನಡುವೆ ರೊಟ್ಟಿ ಚೂರು, ಬೇಯಿಸಿದ ಮೊಟ್ಟೆ ಚೂರು ಒಳಗೆ ಹಾಕಿ. ಮರಿಯನ್ನು ಎತ್ತಿ ಒಳಗೆ ತಳ್ಳಬೇಡಿ.

2. ಉಣ್ಣುವಾಗ ಬಾಗಿಲು ಹಾಕಿ, ಉಂಡು ಮುಗಿಯುವ ಮೊದಲೇ ತೆಗೆಯಿರಿ.

3. ಆಡಿ ದಣಿದು, ಮೂತ್ರ ಮಾಡಿ ಬಂದ ಮೇಲೆ ಒಳಗೆ ಬಿಟ್ಟು ಪಕ್ಕದಲ್ಲೇ ಐದು ನಿಮಿಷ ಕುಳಿತುಕೊಳ್ಳಿ.

4. ನಂತರ ಪಕ್ಕದ ಕೋಣೆಗೆ, ಆಮೇಲೆ ಮನೆಯಾಚೆ ಹೋಗಿ ಬನ್ನಿ. ಒಂದು ನಿಮಿಷದಿಂದ ಶುರು ಮಾಡಿ ಐದು, ಹತ್ತು, ಅರ್ಧ ಗಂಟೆಗೆ ಏರಿಸಿ. ಮರಿ ಗಾಬರಿಯಾದರೆ ಹಿಂದಿನ ಹಂತಕ್ಕೆ ಮರಳಿ.

ಹೋಗುವಾಗ, ಬರುವಾಗ ದೊಡ್ಡ ಸಂಭ್ರಮ ಬೇಡ. ಇದಕ್ಕೆ ಕೆಲವು ವಾರಗಳೇ ಹಿಡಿಯಬಹುದು.

ಅತ್ತಾಗ ಬಾಗಿಲು ತೆಗೆದರೆ ಕೆಟ್ಟ ಚಟವಾಗುತ್ತದೆಯೇ?

ಈ ಮಾತು ಅರ್ಧ ಮಾತ್ರ ನಿಜ. ಸಣ್ಣಗೆ ಕುಂಯ್‌ಗುಟ್ಟಿದರೆ ಒಂದೆರಡು ನಿಮಿಷ ಕಾಯಿರಿ, ಸುಮ್ಮನಾದ ಕೂಡಲೇ ತೆಗೆಯಿರಿ. ಮಲಗಿದ್ದ ಮರಿ ಎದ್ದು ಕೂಗಿದರೆ ಅದಕ್ಕೆ ಮೂತ್ರ ಬಂದಿರಬಹುದು, ಹೊರಗೆ ಕರೆದೊಯ್ಯಿರಿ. ಆದರೆ ಜೊಲ್ಲು ಸುರಿಸುವುದು, ತಂತಿ ಕಡಿಯುವುದು, ಬಾಗಿಲು ಕೆರೆಯುವುದು, ಇಷ್ಟದ ತಿನಿಸನ್ನೂ ಮುಟ್ಟದಿರುವುದು ಹಟದ ಲಕ್ಷಣಗಳಲ್ಲ, ಭಯದ ಲಕ್ಷಣಗಳು. ಹಾಗೇ ಬಿಟ್ಟರೆ ಹಲ್ಲು, ಉಗುರು ಮುರಿದುಕೊಳ್ಳಬಹುದು. ತಕ್ಷಣ ಹೊರಗೆ ಬಿಡಿ. ದಿನವೂ ಹೀಗಾದರೆ ಗೂಡು ನಿಲ್ಲಿಸಿ ಪಶುವೈದ್ಯರನ್ನು ಕೇಳಿ.

ಎಷ್ಟು ಹೊತ್ತು ಬಿಡಬಹುದು?

ಅಂದಾಜು ಲೆಕ್ಕ ಸರಳ: ಎಷ್ಟು ತಿಂಗಳ ಮರಿಯೋ ಅಷ್ಟು ಗಂಟೆ ಮೂತ್ರ ತಡೆಯಬಲ್ಲದು. ಎರಡು ತಿಂಗಳ ಮರಿಗೆ ಎರಡು ಗಂಟೆಯೇ ಹೆಚ್ಚು. ದೊಡ್ಡ ಮರಿಯನ್ನೂ ಹಗಲು ನಾಲ್ಕು ಗಂಟೆಗಿಂತ ಹೆಚ್ಚು ಕೂಡಿಹಾಕಬೇಡಿ. ದಿನವಿಡೀ ಹೊಲದಲ್ಲಿ ಇರುವವರು ನಡುವೆ ಬಂದು ಬಿಡಲು ನೆರೆಯವರನ್ನು ಕೇಳಿಕೊಳ್ಳಿ. ಇಲ್ಲವೇ ಗೂಡಿನ ಬದಲು ಬೇಲಿ ಹಾಕಿದ ಪಡಸಾಲೆಯ ಮೂಲೆ ಕೊಡಿ.

ಬೇಸಿಗೆಯಲ್ಲಿ ಎಚ್ಚರ

ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ನಾಯಿ ಮನುಷ್ಯರಂತೆ ಮೈತುಂಬ ಬೆವರುವುದಿಲ್ಲ, ಮುಖ್ಯವಾಗಿ ತೇಕುತ್ತಲೇ ಮೈ ತಂಪು ಮಾಡಿಕೊಳ್ಳುತ್ತದೆ. ತಗಡಿನ ಶೆಡ್ಡಿನಲ್ಲಿ ಬೀಗ ಹಾಕಿದ ಗೂಡಿನಿಂದ ನೆರಳಿಗೆ ಸರಿಯಲು ಅದಕ್ಕೆ ದಾರಿಯೇ ಇಲ್ಲ. ಮೈಯ ಉಷ್ಣಾಂಶ 41 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ಗೂಡು ಮನೆಯೊಳಗೆ, ಗಾಳಿಯಾಡುವ ಕಡೆ ಇರಲಿ. ನೀರಿನ ಬಟ್ಟಲು ಉರುಳದಂತೆ ಕಟ್ಟಿ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ ಎಂಬುದು ನೆನಪಿರಲಿ.

ಕಾನೂನು ಏನು ಹೇಳುತ್ತದೆ?

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಸೆಕ್ಷನ್ 11ರ ಪ್ರಕಾರ ಅಲುಗಾಡಲು ಜಾಗವಿಲ್ಲದ ಪಂಜರದಲ್ಲಿ ಇಡುವುದು, ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು ಅಪರಾಧ. ಸದಾ ಕೂಡಿಹಾಕಿದ ನಾಯಿಗೆ ಓಡಾಟ ಕೊಡದಿರುವುದೂ ಅಪರಾಧ.

ಮುಧೋಳ ನಾಯಿ ಬೇಟೆಗೆಂದು ಬೆಳೆದ ತಳಿ, ಓಟವೇ ಅದರ ಬದುಕು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಹೆಮ್ಮೆ ಅದರದು. ಬೆಳಿಗ್ಗೆ, ಸಂಜೆ ಓಡಾಡಿಸದೆ ಗೂಡಿನಲ್ಲಿ ಶಾಂತವಾಗಿರು ಎಂದರೆ ಆಗುವುದಿಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ತಳಿಯ ಆರೈಕೆ ಕುರಿತು ಅಲ್ಲಿ ವಿಚಾರಿಸಬಹುದು.

ನೆನಪಿಡಿ: ಗೂಡು ಮರಿ ಮಲಗುವ ಜಾಗ, ಶಿಕ್ಷೆಯ ಜಾಗವಲ್ಲ. ಬಾಗಿಲು ತೆರೆದಿದ್ದರೂ ಮರಿ ತಾನಾಗಿ ಒಳಗೆ ಹೋಗಿ ಮಲಗಿದರೆ ನೀವು ಸರಿಯಾಗಿ ಕಲಿಸಿದ್ದೀರಿ ಎಂದರ್ಥ. "ಅಳಲು ಬಿಡಿ" ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿಸಿ.